ಕುದಿಸಿದ್ರ ಸಾಯ್ತಾವ, ಹಸಿ ಇದ್ದಾಗs ಹುಷಾರಿರ್ರಿ
ಔಷಧಕ್ಕ ಬಗ್ಗದ ಬ್ಯಾಕ್ಟೀರಿಯಾ ಕೋಳಿ ಕುದಿಸಿದ್ರ ಸಾಯ್ತಾವೇನು ಅಂತ ಕೇಳೀರಲ್ರಿ, ಸಾಯ್ತಾವ್ರಿ, ಆಂಟಿಬಯೋಟಿಕ್ ತಡ್ಕೊಂಡ್ರೂ ಬಿಸಿ ತಡ್ಕೊಳ್ಳಂಗಿಲ್ಲ, ತುಂಡಿನ ನಡುವ ತನಕ 75 ಡಿಗ್ರಿ ಮುಟ್ಟಿದ್ರ ಸಾಕು. ಖರೇ ತ್ರಾಸು ಅದಕ್ಕಿಂತ ಮೊದ್ಲs ಅದ. ನಮ್ಮ ಕಲಬುರಗ್ಯಾಗ ಭಾಳ ಮನ್ಯಾಗ ಕೋಳಿ ತಂದ ಕೂಡ್ಲೇ ನಳದ ಕೆಳಗ ತೊಳೀತಾರ, ನೀರು ಸಿಡಿದು ಬಾಜೂಕಿನ ಪಾತ್ರಿಗೆ ಹತ್ತತದ, ಮ್ಯಾಲ ಅದs ಚಾಕುಲೆ ಉಳ್ಳಾಗಡ್ಡಿ, ಸೌತಿಕಾಯಿ ಹೆಚ್ಚಿ ಹಸೀದs ತಿಂತೀವಿ, ಹಂಗ ಹೊಟ್ಟಿಗೆ ಹೋಗ್ತಾವ. ಹೋದವು ಔಷಧಕ್ಕ ಬಗ್ಗದಂಗ ಮಾಡೋ ತಮ್ಮ ಜೀನ್ ಹೊಟ್ಯಾಗಿನ ಬ್ಯಾರೆ ಬ್ಯಾಕ್ಟೀರಿಯಾಕ್ಕೂ ದಾಟಿಸಬಹುದು, ನನಗ ಅದs ದೊಡ್ಡ ಅಂಜಿಕಿ. ಬ್ಯಾರೆ ಔಷಧ ನಡೀದಾಗ ಐಸಿಯುದಾಗ ಕೊಡೋ ಆಂಟಿಬಯೋಟಿಕ್ ಕೊಲಿಸ್ಟಿನ್‌ನ ಕೋಳಿಗೆ ಕೊಡೋದು ಸರ್ಕಾರ 2019ರಾಗ ಬಂದ್ ಮಾಡ್ತು, ಛಲೋ ಆಯ್ತು, ಕೋಳಿಗೆ ಕೊಟ್ಟಷ್ಟೂ ಬ್ಯಾಕ್ಟೀರಿಯಾ ಅದಕ್ಕೂ ಬಗ್ಗದಂಗ ಆಗ್ತಾವ. ನೀವು ಚಾಕು, ಹಲಗಿ ಬ್ಯಾರೆ ಇಡ್ರಿ, ಕೈ ಸಬಕಾರ ಹಚ್ಚಿ ತೊಳೀರಿ, ಕೋಳಿ ತೊಳೀಲೇಬೇಕಂದ್ರ ನಳ ಬಿಡಬ್ಯಾಡ್ರಿ, ಬೋಗುಣ್ಯಾಗ ಸಾವಕಾಶ ತೊಳೀರಿ.