ಪ್ರತಿಕ್ರಿಯೆ: ಟಿ. ಆರ್. ಗ್ಲೋವರ್ ಪಾದ್ರಿಯಾಗಿದ್ದರೇ?

ಇಂಗ್ಲೆಂಡಿನ ವಿದ್ವಾಂಸರಾದ ಗ್ಲೋವರ್ ಅವರು ಪಾದ್ರಿಯೋ ಪ್ರಾಧ್ಯಾಪಕರೋ ಎಂದು ತಾವು ಕೇಳಿದ್ದೀರಿ. 1869ರಲ್ಲಿ ಬ್ರಿಸ್ಟಲ್‌ನ ಬ್ಯಾಪ್ಟಿಸ್ಟ್ ಎಂಬ ಪ್ರಾಟೆಸ್ಟಂಟ್ ಕ್ರೈಸ್ತಪಂಥದ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರೂ ಅವರು ಸ್ವತಃ ಪಾದ್ರಿಯಾಗಲಿಲ್ಲ; ಕೆನಡಾದ ಕಿಂಗ್‌ಸ್ಟನ್‌ನಲ್ಲಿ ಲ್ಯಾಟಿನ್ ಕಲಿಸಿ, 1901ರಲ್ಲಿ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿಗೆ ಮರಳಿ, ಪ್ರಾಚೀನ ಚರಿತ್ರೆಯ ಅಧ್ಯಾಪಕರಾದರು. 1924ರಲ್ಲಿ ಬ್ಯಾಪ್ಟಿಸ್ಟ್ ಒಕ್ಕೂಟದ ಅಧ್ಯಕ್ಷರೂ ಆದುದರಿಂದ ತಮ್ಮ ಸಂದೇಹ ಸಹಜವೇ.

ನನ್ನ ದೃಷ್ಟಿಯಲ್ಲಿ ಅವರ ನಿಜವಾದ ಹಿರಿಮೆಯಿರುವುದು, ರೋಮನ್ ಸಾಮ್ರಾಜ್ಯದ ಆರಂಭಕಾಲದ ಧರ್ಮಸಂಘರ್ಷವನ್ನು ಕುರಿತ 1909ರ ಗ್ರಂಥದಲ್ಲಿ. ಅವರು ಸ್ವತಃ ದೃಢವಾದ ಕ್ರೈಸ್ತರಾಗಿದ್ದೂ ಅದರಲ್ಲಿ ಸ್ಟೋಯಿಕರೆಂಬ ಪ್ರಾಚೀನ ತತ್ತ್ವಜ್ಞಾನಿಗಳಿಗೆ, ಗ್ರೀಕ್ ಲೇಖಕ ಪ್ಲೂಟಾರ್ಕನಿಗೆ, ಕ್ರೈಸ್ತಮತವನ್ನು ಖಂಡಿಸಿದ ಸೆಲ್ಸಸ್‌ನಿಗೆ ಸಹ ಪ್ರತ್ಯೇಕ ಅಧ್ಯಾಯಗಳನ್ನು ಮೀಸಲಿಟ್ಟರು. ಯೇಸುವಿನ ಚಾರಿತ್ರಿಕ ವ್ಯಕ್ತಿತ್ವವನ್ನು ಕುರಿತ ಅವರ 1917ರ ಜನಪ್ರಿಯ ಕೃತಿಯಾದರೋ, 1915–16ರ ಚಳಿಗಾಲದಲ್ಲಿ ಭಾರತದಲ್ಲಿ ಅವರು ನೀಡಿದ ಉಪನ್ಯಾಸಗಳಿಂದ ರೂಪುಗೊಂಡದ್ದು.