ಊಟದಲ್ಲಿನ ಕೊಬ್ಬಿನಿಂದ ಗರ್ಭಕೋಶದ ಕ್ಯಾನ್ಸರ್ ಬರುತ್ತದೆಯೇ?

ಮುಟ್ಟು ನಿಂತು ಕೆಲವು ವರ್ಷಗಳಾದ ಮೇಲೆ ನಿಮ್ಮ ತಾಯಿಯವರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಕಾಣಿಸಿಕೊಂಡಿತೆಂದೂ, ಜಿಡ್ಡಿನ ಪದಾರ್ಥ ಹೆಚ್ಚು ತಿಂದದ್ದೇ ಅದಕ್ಕೆ ಕಾರಣವೆಂದು ಯಾರೋ ಹೇಳಿದ ಮೇಲೆ ನೀವು ಎಣ್ಣೆ, ಬೆಣ್ಣೆ ಎರಡನ್ನೂ ಪೂರ್ತಿ ಬಿಟ್ಟಿದ್ದೀರೆಂದೂ ಬರೆದಿದ್ದೀರಿ. ಇದರಿಂದ ನಿಮಗೆ ರಕ್ಷಣೆ ಸಿಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ನಾನು ಆಹಾರತಜ್ಞೆ; ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೂ ಅವರ ಮನೆಯವರಿಗೂ ಊಟದ ವಿಷಯದಲ್ಲಿ ಸಲಹೆ ಕೊಡುವುದು ನನ್ನ ಕೆಲಸ. ತಿನ್ನುವ ಕೊಬ್ಬು ನೇರವಾಗಿ ಈ ಕ್ಯಾನ್ಸರನ್ನು ತರುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಆದರೆ ಮೈಯಲ್ಲಿ ಸೇರಿಕೊಂಡ ಹೆಚ್ಚಿನ ಕೊಬ್ಬು ಅಪಾಯವನ್ನು ಏರಿಸುತ್ತದೆ ಎನ್ನುವುದಕ್ಕೆ ಇರುವ ಆಧಾರ ಬಹಳ ಗಟ್ಟಿಯಾದದ್ದು. ಇವೆರಡನ್ನು ಒಂದೇ ಎಂದು ಭಾವಿಸುವುದರಿಂದಲೇ ನಿಮ್ಮಂಥವರು ಅನಗತ್ಯವಾಗಿ ಕಷ್ಟಪಡುತ್ತಾರೆ.

ಮೈಯ ಕೊಬ್ಬಿಗೂ ಗರ್ಭಕೋಶಕ್ಕೂ ಇರುವ ಸಂಬಂಧವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗರ್ಭಕೋಶದ ಒಳಪದರ ಈಸ್ಟ್ರೊಜೆನ್ ಎಂಬ ಹಾರ್ಮೋನಿನ ಪ್ರಭಾವದಿಂದ ಬೆಳೆಯುತ್ತದೆ, ಪ್ರೊಜೆಸ್ಟೆರಾನ್ ಆ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಮುಟ್ಟು ನಿಂತ ಮೇಲೆ ಅಂಡಾಶಯಗಳು ಈ ಎರಡನ್ನೂ ತಯಾರಿಸುವುದು ಬಹುತೇಕ ನಿಂತುಹೋಗುತ್ತದೆ. ಆದರೆ ದೇಹದ ಕೊಬ್ಬಿನ ಅಂಗಾಂಶದಲ್ಲಿರುವ ಅರೋಮಟೇಸ್ ಎಂಬ ಕಿಣ್ವ, ಮುಖ್ಯವಾಗಿ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಬರುವ ಆಂಡ್ರೊಜೆನ್ನುಗಳೆಂಬ ಹಾರ್ಮೋನುಗಳನ್ನು ಈಸ್ಟ್ರೊಜೆನ್ ಆಗಿ ಪರಿವರ್ತಿಸುತ್ತಲೇ ಇರುತ್ತದೆ. ಕೊಬ್ಬು ಹೆಚ್ಚಿದ್ದಷ್ಟೂ ಈ ಈಸ್ಟ್ರೊಜೆನ್ ಹೆಚ್ಚು, ಅದನ್ನು ತಡೆಯುವ ಪ್ರೊಜೆಸ್ಟೆರಾನ್ ಮಾತ್ರ ಇಲ್ಲ. ಇದರ ಜೊತೆಗೆ ತೂಕ ಹೆಚ್ಚಿರುವವರಲ್ಲಿ ಇನ್ಸುಲಿನ್ ಮಟ್ಟವೂ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಅದು ಜೀವಕೋಶಗಳ ಬೆಳವಣಿಗೆಯನ್ನು ತಾನೇ ಪ್ರಚೋದಿಸುವುದಲ್ಲದೆ, ರಕ್ತದಲ್ಲಿ ಹಾರ್ಮೋನುಗಳನ್ನು ಹಿಡಿದಿಡುವ ಪ್ರೋಟೀನನ್ನು ಕಡಿಮೆ ಮಾಡಿ, ಇನ್ನಷ್ಟು ಈಸ್ಟ್ರೊಜೆನ್ ಬಿಡುವಾಗಿ ಓಡಾಡುವಂತೆ ಮಾಡುತ್ತದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಮುಟ್ಟು ನಿಂತ ಮಹಿಳೆಯರಿಗೆ ಪ್ರೊಜೆಸ್ಟೆರಾನ್ ಸೇರಿಸದೆ ಬರೀ ಈಸ್ಟ್ರೊಜೆನ್ ಮಾತ್ರೆ ಕೊಡುತ್ತಿದ್ದಾಗ ಈ ಕ್ಯಾನ್ಸರ್ ಹೆಚ್ಚಿದ್ದು ಇದೇ ಕಾರಣದಿಂದ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆಯೆಂದು ತೋರಿಸುವ ಸೂಚ್ಯಂಕ, 5 ಅಂಕ ಏರಿದಾಗಲೆಲ್ಲ ಅಪಾಯ ಸುಮಾರು ಒಂದೂವರೆ ಪಟ್ಟು ಆಗುತ್ತದೆ ಎಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ 2013ರ ವರದಿ ಹೇಳುತ್ತದೆ. ತೂಕದೊಂದಿಗೆ ಇಷ್ಟು ಬಿಗಿಯಾದ ಸಂಬಂಧವಿರುವ ಕ್ಯಾನ್ಸರುಗಳು ಕೆಲವೇ.

ಇನ್ನು ತಿನ್ನುವ ಕೊಬ್ಬಿನ ವಿಷಯ. ಹಿಂದಿನ ಹಲವು ಅಧ್ಯಯನಗಳಲ್ಲಿ, ಕ್ಯಾನ್ಸರ್ ಬಂದವರನ್ನೂ ಬಾರದವರನ್ನೂ ಕೂರಿಸಿಕೊಂಡು ಹಳೆಯ ಆಹಾರಕ್ರಮವನ್ನು ಕೇಳಿದಾಗ, ಕ್ಯಾನ್ಸರ್ ಬಂದವರು ಹೆಚ್ಚು ಕೊಬ್ಬು, ವಿಶೇಷವಾಗಿ ಪ್ರಾಣಿಜನ್ಯ ಕೊಬ್ಬು, ತಿಂದಿದ್ದಾಗಿ ಹೇಳಿದ್ದು ನಿಜ. ಆದರೆ ರೋಗ ಬಂದ ಮೇಲೆ ಕಾರಣ ಹುಡುಕುತ್ತಿರುವ ಮನಸ್ಸು ತಾನು ತಿಂದದ್ದನ್ನು ನೆನೆಯುವ ರೀತಿಯೇ ಬೇರೆ. ಆರೋಗ್ಯವಂತರನ್ನು ಮೊದಲೇ ಗುರುತಿಸಿ, ಅವರ ಆಹಾರವನ್ನು ದಾಖಲಿಸಿ, ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಈ ಸಂಬಂಧ ಬಹುಮಟ್ಟಿಗೆ ಮಸುಕಾಗಿದೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ತೂಕವುಳ್ಳ ಸಾಕ್ಷ್ಯ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ನಡೆಸಿದ ಪ್ರಯೋಗ. ಅದರಲ್ಲಿ 50ರಿಂದ 79 ವರ್ಷದ, ಮುಟ್ಟು ನಿಂತ 48,835 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಟ್ಟು ಕ್ಯಾಲೊರಿಯಲ್ಲಿ ಕೊಬ್ಬಿನ ಪಾಲನ್ನು ಶೇಕಡ 20ಕ್ಕೆ ಇಳಿಸುವ ತರಬೇತಿ ಕೊಡಲಾಯಿತು. ಸರಾಸರಿ 8 ವರ್ಷ ಕಳೆದ ಮೇಲೆ ನೋಡಿದಾಗ, ಕೊಬ್ಬು ಕಡಿಮೆ ಮಾಡಿದ ಗುಂಪಿನಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಕಡಿಮೆಯಾಗಿರಲಿಲ್ಲ. ಆ ಮಹಿಳೆಯರು ಶೇಕಡ 20ರ ಗುರಿಯನ್ನು ಸರಾಸರಿಯಲ್ಲಿ ಮುಟ್ಟಲಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಗಿದ್ದರೂ ಜಿಡ್ಡನ್ನು ಬಿಟ್ಟರೆ ರೋಗ ಬಾರದು ಎಂಬ ಭರವಸೆಯನ್ನು ನಾನು ನಿಮಗೆ ಕೊಡಲಾರೆ.

ಹಾಗೆಂದು ಕೊಬ್ಬಿಗೆ ಲೆಕ್ಕವೇ ಬೇಡವೆಂದಲ್ಲ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ ಇರುತ್ತದೆ, ಪಿಷ್ಟ ಮತ್ತು ಪ್ರೋಟೀನುಗಳಲ್ಲಿ 4. ಆದ್ದರಿಂದ ಅಳತೆಯಿಲ್ಲದ ಎಣ್ಣೆ ತೂಕ ಏರಲು ಸುಲಭದ ದಾರಿ, ಆ ತೂಕದ ಮೂಲಕ ಅಪಾಯಕ್ಕೂ ದಾರಿ. ಆದರೆ ಸಕ್ಕರೆಯೂ ನಯವಾದ ಹಿಟ್ಟಿನ ತಿನಿಸುಗಳೂ ಅದೇ ಕೆಲಸ ಮಾಡುತ್ತವೆ. ಮೇಲೆ ಹೇಳಿದ ವರದಿ ಈ ಕ್ಯಾನ್ಸರಿನ ಸಂಭವನೀಯ ಕಾರಣಗಳಲ್ಲಿ ಎಣಿಸಿರುವುದು ರಕ್ತದ ಸಕ್ಕರೆಯನ್ನು ಬೇಗ ಏರಿಸುವ ಆಹಾರಕ್ರಮವನ್ನೇ ಹೊರತು ಕೊಬ್ಬನ್ನಲ್ಲ. ಜಿಡ್ಡು ಬಿಟ್ಟವರು ಹಸಿವು ತಾಳಲಾರದೆ ಬಿಸ್ಕತ್ತು, ಸಿಹಿ ಪಾನೀಯಗಳ ಮೊರೆ ಹೋಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಎ, ಡಿ, ಇ, ಕೆ ವಿಟಮಿನ್ನುಗಳು ಹೀರಲ್ಪಡುವುದಕ್ಕೂ ಸ್ವಲ್ಪ ಕೊಬ್ಬು ಬೇಕೇ ಬೇಕು. ಅಡುಗೆಗೆ ಸಸ್ಯಜನ್ಯ ಎಣ್ಣೆಯನ್ನು ಅಳೆದು ಬಳಸಿ, ಬೆಣ್ಣೆಯನ್ನು ಮಿತವಾಗಿಡಿ, ವನಸ್ಪತಿಯನ್ನು ದೂರವಿಡಿ. ಈ ಕೊನೆಯ ಎರಡು ಮಾತು ಗರ್ಭಕೋಶಕ್ಕಿಂತ ಹೆಚ್ಚಾಗಿ ಹೃದಯದ ಸಲುವಾಗಿ. ದಿನವೂ ಚುರುಕಾಗಿ ನಡೆಯುವುದರಿಂದ ಈ ಕ್ಯಾನ್ಸರಿನ ವಿಷಯದಲ್ಲೂ ಉಪಯೋಗವಿದೆ ಎನ್ನುವುದಕ್ಕೆ ಜಿಡ್ಡು ಬಿಡುವುದಕ್ಕಿಂತ ಹೆಚ್ಚಿನ ಆಧಾರವಿದೆ.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು, ಏಕೆಂದರೆ ನಿಮ್ಮ ಮಟ್ಟಿಗೆ ಅದು ಎಣ್ಣೆಗಿಂತ ದೊಡ್ಡದಾಗಿರಬಹುದು. ಈ ಕ್ಯಾನ್ಸರ್ ಬಂದ ನೂರು ಜನರಲ್ಲಿ ಸುಮಾರು ಮೂವರಿಗೆ ಲಿಂಚ್ ಸಿಂಡ್ರೋಮ್ ಎಂಬ ಅನುವಂಶೀಯ ದೋಷವಿರುತ್ತದೆ; ಅದು ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ, ಮತ್ತು ಅದರಿಂದ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯವೂ ಹೆಚ್ಚುತ್ತದೆ. ನಿಮ್ಮ ತಾಯಿಯವರ ಗಡ್ಡೆಯ ಮಾದರಿಯನ್ನು ಇದಕ್ಕಾಗಿ ಪರೀಕ್ಷಿಸಿದ್ದಾರೆಯೇ ಎಂದು ಅವರ ವೈದ್ಯರನ್ನು ಕೇಳಿ. ಮನೆತನದಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದ್ದರೆ ಅದನ್ನೂ ತಿಳಿಸಿ. ನಿಮಗೆ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೆ, ಮುಟ್ಟಿನ ನಡುವೆ ರಕ್ತ ಕಾಣಿಸಿದರೆ, ಅಥವಾ ಮುಟ್ಟು ನಿಂತ ಮೇಲೆ ಒಂದೇ ಒಂದು ಸಲ, ಒಂದು ಕಲೆಯಷ್ಟೇ ಕಂಡರೂ, ಕಾಯದೆ ಸ್ತ್ರೀರೋಗ ತಜ್ಞರ ಬಳಿ ಹೋಗಿ. ಈ ಕ್ಯಾನ್ಸರ್ ಬಹಳಷ್ಟು ಸಲ ರಕ್ತಸ್ರಾವದ ಮೂಲಕ ಮೊದಲ ಹಂತದಲ್ಲೇ ತನ್ನನ್ನು ತೋರಿಸಿಕೊಳ್ಳುತ್ತದೆ, ಮತ್ತು ಆ ಹಂತದಲ್ಲಿ ಶಸ್ತ್ರಚಿಕಿತ್ಸೆಯಿಂದಲೇ ಬಹುಪಾಲು ಮಹಿಳೆಯರು ಗುಣವಾಗುತ್ತಾರೆ.