ಸಿನಿಮಾ ಆಮೇಲೆ ಆರಿಸಿ, ಮೊದಲು ಆ ಹಾಲ್ ಬಿಡಿ

ನಿಮ್ಮ ಪ್ರಶ್ನೆ ಓದುವಾಗ ಹನ್ನೊಂದು ವರ್ಷದ ಹಿಂದೆ ನಾನೇ ಬರೆದಿದ್ದೇನೋ ಅನ್ನಿಸಿತು. ಅಮೆರಿಕದ ಕಪ್ಪು ನಿರ್ದೇಶಕರು ವರ್ಣಭೇದದ ಬಗ್ಗೆ ಮಾಡಿದ ಸ್ವತಂತ್ರ ಸಿನಿಮಾಗಳನ್ನು ತೋರಿಸಬೇಕು, ಯೂನಿವರ್ಸಿಟಿ ಹಾಲ್ ಪುಕ್ಕಟೆ ಸಿಗುತ್ತದೆ, ಅದು ಎಲ್ಲರಿಗೂ ಸೇರಿದ ಜಾಗ, ಮೊದಲು ಯಾವ ಸಿನಿಮಾ ಹಾಕಲಿ, ಸುತ್ತಲಿನ ಕಪ್ಪು ಜನರನ್ನು ಅಲ್ಲಿಗೆ ಕರೆಸುವುದು ಹೇಗೆ ಅಂತ ಕೇಳಿದ್ದೀರಿ. ನನಗೂ ಪುಕ್ಕಟೆ ಹಾಲ್ ಸಿಕ್ಕಿತ್ತು. ಕೆಟ್ಟಿದ್ದೇ ಅಲ್ಲಿ.

ಆಗ ನಾನು ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡಿನಲ್ಲಿ ಎಂ.ಎಸ್. ಓದುತ್ತಿದ್ದೆ. ಒಂದು ಶನಿವಾರ ಜಾರ್ಜಿಯಾ ಅವೆನ್ಯೂದಲ್ಲಿ ಬಸ್ ತಪ್ಪಿತು. ಹೊವರ್ಡ್ ಯೂನಿವರ್ಸಿಟಿ ಎದುರಿನ ಒಂದು ಪುಸ್ತಕದಂಗಡಿಗೆ ಹೊಕ್ಕೆ. ಹೆಸರು ಸಂಕೋಫಾ. ಪುಸ್ತಕ, ಕಾಫಿ, ಸಿನಿಮಾ ಎಲ್ಲ ಒಂದೇ ಕಡೆ. ಇಥಿಯೋಪಿಯಾದಿಂದ ಬಂದ ನಿರ್ದೇಶಕ ಹೈಲೆ ಗೆರಿಮಾ ಮತ್ತು ಅವರ ಹೆಂಡತಿ ಶಿರಿಕಿಯಾನಾ ಐನಾ ಕಟ್ಟಿದ ಅಂಗಡಿ ಅದು. ಐನಾ ಕೂಡ ಸಿನಿಮಾ ಮಾಡುವವರೇ. ಗೆರಿಮಾ 1993ರಲ್ಲಿ ಗುಲಾಮಗಿರಿಯ ಬಗ್ಗೆ ಅದೇ ಹೆಸರಿನ ಸಿನಿಮಾ ಮಾಡಿದರು. ಬರ್ಲಿನ್ ಚಿತ್ರೋತ್ಸವದ ಸ್ಪರ್ಧೆಗೂ ಹೋಯಿತು. ಆದರೂ ಅಮೆರಿಕದ ಹಂಚಿಕೆದಾರರು ಕೈಗೆತ್ತಿಕೊಳ್ಳಲಿಲ್ಲ. ಗಂಡ ಹೆಂಡತಿ ತಾವೇ ಥಿಯೇಟರ್ ಬಾಡಿಗೆಗೆ ಹಿಡಿದರು. ವಾಷಿಂಗ್ಟನ್‌ನಲ್ಲಿ ವಾರಗಟ್ಟಲೆ ಓಡಿತು. ಬೇರೆ ಊರುಗಳಲ್ಲಿ ಅಲ್ಲಲ್ಲಿನ ಕಪ್ಪು ಜನರೇ ಗುಂಪು ಕಟ್ಟಿಕೊಂಡು, ಬಾಯಿಂದ ಬಾಯಿಗೆ ಹೇಳಿ ಓಡಿಸಿದರು.

ಅವತ್ತು ಮನೆಗೆ ಬರುವಷ್ಟರಲ್ಲಿ ನಾನೂ ಸಿನಿಮಾ ತೋರಿಸಬೇಕು ಅಂತ ತೀರ್ಮಾನ ಮಾಡಿದ್ದೆ. ಆದರೆ ಆ ಕಥೆಯ ಜೀವ 'ಅಲ್ಲಲ್ಲಿನ ಜನರೇ' ಅನ್ನುವ ಮಾತಿನಲ್ಲಿತ್ತು. ಅದು ನನ್ನ ಕಿವಿಗೆ ಬಿದ್ದಿರಲಿಲ್ಲ.

ನಾನು ಆರಿಸಿದ್ದು ಚಾರ್ಲ್ಸ್ ಬರ್ನೆಟ್ ಅವರ 'ಕಿಲ್ಲರ್ ಆಫ್ ಶೀಪ್'. ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆಯಲ್ಲಿ ಕುರಿ ಕಡಿಯುವ ಕಾರ್ಖಾನೆಗೆ ಹೋಗುವ ಒಬ್ಬ ಅಪ್ಪ, ಅವನ ಸಂಸಾರ, ಖಾಲಿ ಸೈಟುಗಳಲ್ಲಿ ಆಡುವ ಮಕ್ಕಳು. ಅಲ್ಲಿನ ಯು.ಸಿ.ಎಲ್.ಎ. ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾಗ ಬರ್ನೆಟ್ ವಾರಾಂತ್ಯಗಳಲ್ಲಿ, 10,000 ಡಾಲರ್ ಒಳಗೆ ತೆಗೆದದ್ದು. ಒಳಗಿರುವ ಹಾಡುಗಳ ಹಕ್ಕು ಇರಲಿಲ್ಲ. ಅದಕ್ಕೇ ಥಿಯೇಟರಿಗೆ ಬಂದದ್ದು 2007ರಲ್ಲಿ, ಸುಮಾರು ಮೂವತ್ತು ವರ್ಷ ತಡವಾಗಿ. ಪ್ರದರ್ಶನದ ಹಕ್ಕಿಗೆ ನನ್ನ ಒಂದು ತಿಂಗಳ ಊಟದ ದುಡ್ಡು ಕೊಟ್ಟೆ. ಅದಕ್ಕೆ ಬೇಜಾರಿಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ. ಉದ್ದವಾದರೂ ಓದಿ.

ಹಾಲ್ ಇದ್ದದ್ದು ಎರಡನೇ ಮಹಡಿಯಲ್ಲಿ. ಯೂನಿವರ್ಸಿಟಿಯ ಹೆಸರು ಬೇಡ. ಸಂಜೆ ಆರಾದ ಮೇಲೆ ಆ ಕಟ್ಟಡದ ಬಾಗಿಲು ಕಾರ್ಡ್ ತೋರಿಸಿದರೆ ಮಾತ್ರ ತೆಗೆಯುತ್ತಿತ್ತು. ಹೊರಗಿನವರು ಗಾರ್ಡ್ ಹತ್ತಿರ ಫೋಟೋ ಇರುವ ಐಡಿ ಕೊಟ್ಟು, ರಿಜಿಸ್ಟರ್‌ನಲ್ಲಿ ಹೆಸರು ಬರೆದು, ಯಾರನ್ನು ನೋಡಲು ಬಂದಿದ್ದೇವೆ ಅಂತ ಹೇಳಬೇಕಿತ್ತು. ಎರಡು ವರ್ಷ ಅಲ್ಲೇ ಓಡಾಡಿದ್ದರೂ ನನಗೆ ಇದು ಗೊತ್ತಿರಲಿಲ್ಲ. ನನ್ನ ಕಾರ್ಡಿಗೆ ಬಾಗಿಲು ತೆರೆಯುತ್ತಿತ್ತು, ಅಷ್ಟೇ.

ಹದಿನೈದು ನಿಮಿಷ ನಡೆದರೆ ಕಪ್ಪು ಜನರ ಒಂದು ಚರ್ಚ್. ಅಲ್ಲಿನ ಹಿರಿಯಾಕೆ ಒಬ್ಬರು ಲಾಂಡ್ರಿಯಲ್ಲಿ ಪರಿಚಯ. ಅಂಥ ಹಿರಿಯರನ್ನು ಆ ಚರ್ಚುಗಳಲ್ಲಿ 'ಮದರ್' ಅಂತ ಕರೆಯುತ್ತಾರೆ. ಅವರಿಗೆ ಪೋಸ್ಟರ್ ಕೊಟ್ಟು, "ಬರ್ತೀರಾ" ಅಂತ ಕೇಳಿದೆ. "ನೋಡೋಣ ಮಗನೇ" ಅಂದರು. ಗುರುವಾರ ಸಂಜೆ ಏಳಕ್ಕೆ ಶೋ. ಅವರು ಹದಿನಾಲ್ಕು ಜನರನ್ನು ಕರೆದುಕೊಂಡು ಬಂದರು. ಭಾನುವಾರದ ಟೋಪಿ ಹಾಕಿಕೊಂಡು, ಚರ್ಚಿಗೆ ಹೋಗುವ ಬಟ್ಟೆಯಲ್ಲಿ. ಇಬ್ಬರ ಹತ್ತಿರ ಐಡಿ ಇರಲಿಲ್ಲ. ಒಬ್ಬರದ್ದು ಅವಧಿ ಮುಗಿದಿತ್ತು. ಗಾರ್ಡ್ ವಾಕಿಟಾಕಿಯಲ್ಲಿ ಯಾರನ್ನೋ ಕೇಳಿದ. ಸ್ವಲ್ಪ ಹೊತ್ತಿಗೆ ಕ್ಯಾಂಪಸ್ ಪೊಲೀಸರ ಕಾರು ಬಂತು. ಯಾರೂ ಕೂಗಾಡಲಿಲ್ಲ. ಆ ಹದಿನೈದು ಜನ ಸುಮ್ನೆ ತಿರುಗಿ ಮನೆಗೆ ನಡೆದರು.

ನಾನು ಮೇಲೆ ಸೌಂಡ್ ಸರಿ ಮಾಡುತ್ತಿದ್ದೆ. ಕಾದು ಕಾದು, ಅವರು ಬರಲಿಲ್ಲ ಅಂದುಕೊಂಡು ಒಂಬತ್ತು ವಿದ್ಯಾರ್ಥಿಗಳಿಗೆ ಸಿನಿಮಾ ಹಾಕಿದೆ. ನಡೆದದ್ದು ಗೊತ್ತಾಗಿದ್ದು ಮಾರನೇ ದಿನ.

ಗಾರ್ಡನ್ನು ದೂರಿ ಪ್ರಯೋಜನವಿಲ್ಲ. ಆ ನಿಯಮ ನಾನು ಮಾಡಿದ್ದೂ ಅಲ್ಲ. ಆದರೆ ಮೂರು ವಾರದಲ್ಲಿ ಪ್ರೊಜೆಕ್ಟರ್ ಮೂರು ಸಲ ನೋಡಿದ್ದೆ. ಪೋಸ್ಟರ್ ನಾಲ್ಕು ಸಲ ತಿದ್ದಿದ್ದೆ. ಬೀದಿಯಿಂದ ಕುರ್ಚಿವರೆಗೆ, ಕಾರ್ಡ್ ಜೇಬಿನಲ್ಲಿಲ್ಲದೆ, ಒಮ್ಮೆಯೂ ನಡೆದು ನೋಡಿರಲಿಲ್ಲ. ಅಷ್ಟು ಮಾಡಿದ್ದರೆ ಎರಡೇ ನಿಮಿಷದಲ್ಲಿ ತಿಳಿಯುತ್ತಿತ್ತು. ಇನ್ನೂ ಹಿಂದಕ್ಕೆ ಹೋದರೆ, ಮದರ್ ಹತ್ತಿರ ನಾನು ಕೇಳಿದ್ದು "ಬರ್ತೀರಾ" ಅಂತ. "ಎಲ್ಲಿ ತೋರಿಸೋಣ" ಅಂತ ಕೇಳಲಿಲ್ಲ. ಕೇಳಿದ್ದರೆ ಅವರೇ ಹೇಳುತ್ತಿದ್ದರು. ಆ ಗೇಟಿನ ಅನುಭವ ಅವರಿಗೆ ಹೊಸದಲ್ಲ. ಅದು ಗೊತ್ತಿದ್ದೂ ನನ್ನ ಮಾತಿಗೆ ಬೆಲೆ ಕೊಟ್ಟು ಬಂದಿದ್ದರು. ಇದು ನನಗೆ ಈಗಲೂ ನೋಯುತ್ತದೆ. ಹಾಲ್ ಪುಕ್ಕಟೆ ಅಂದುಕೊಂಡಿದ್ದೆ. ಅದರ ಬೆಲೆ ಆ ಹದಿನೈದು ಜನ ಕೊಟ್ಟರು.

ಹಾಗಾಗಿ 'ಕಪ್ಪು ಜನರನ್ನು ಅಲ್ಲಿಗೆ ಕರೆಸುವುದು ಹೇಗೆ' ಅಂದರೆ ನನ್ನ ಉತ್ತರ: ಕರೆಸಬೇಡಿ. 'ಎಲ್ಲರಿಗೂ ಸೇರಿದ ಜಾಗ' ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಪ್ರೇಕ್ಷಕರು ಆಗಲೇ ಒಂದು ಕಡೆ ಸೇರಿರುತ್ತಾರೆ. ಸಿನಿಮಾ ಅಲ್ಲಿಗೆ ಹೋಗಬೇಕು.

ಭಾನುವಾರ ಕ್ಷಮೆ ಕೇಳಲು ಚರ್ಚಿಗೆ ಹೋದೆ. ಬಿಳಿ ಗ್ಲೌಸ್ ಹಾಕಿದ ಹೆಂಗಸೊಬ್ಬರು ಕೈ ಹಿಡಿದು ಸೀಟು ತೋರಿಸಿದರು. ಮದರ್ "ಪರವಾಗಿಲ್ಲ" ಅನ್ನಲಿಲ್ಲ. ನನ್ನ ಮಾತು ಪೂರ್ತಿ ಕೇಳಿಸಿಕೊಂಡು, ಶನಿವಾರ ದಿನಸಿ ಹಂಚುವುದಿದೆ, ಚೀಲ ಕಟ್ಟಲು ಕೈ ಬೇಕು ಅಂದರು. ಎಂಟು ತಿಂಗಳು ಚೀಲ ಕಟ್ಟಿದೆ. ಸಿನಿಮಾ ಮಾತು ನಾನು ಎತ್ತಲಿಲ್ಲ. ಒಂದು ದಿನ ಅವರೇ ಕೇಳಿದರು: ಆಸ್ಕರ್ ಮಿಶೋ ಸಿನಿಮಾ ಸಿಗುತ್ತಾ? ಅವರ ಅಜ್ಜಿ ಹೇಳುತ್ತಿದ್ದರಂತೆ.

ಮಿಶೋ ಬಗ್ಗೆ ನನಗೆ ಮಾತು ನಿಲ್ಲುವುದಿಲ್ಲ. ಅಮೆರಿಕದ ಮೊದಮೊದಲ ಕಪ್ಪು ನಿರ್ದೇಶಕರಲ್ಲಿ ಒಬ್ಬರು. ಹುಟ್ಟಿದ್ದು 1884ರಲ್ಲಿ. ಸೌತ್ ಡಕೋಟಾದಲ್ಲಿ ಬೇಸಾಯ ಮಾಡಿದರು. ಕಾದಂಬರಿ ಬರೆದು ಮನೆ ಮನೆಗೆ ಹೋಗಿ ಮಾರಿದರು. 1915ರಲ್ಲಿ, ಕಪ್ಪು ಜನರ ಮೇಲೆ ಹಲ್ಲೆ ಮಾಡುತ್ತಿದ್ದ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲಾನ್ ಅನ್ನು ಹೊಗಳುವ 'ದಿ ಬರ್ತ್ ಆಫ್ ಎ ನೇಷನ್' ದೇಶವೆಲ್ಲ ಓಡಿತ್ತು. 1919ರ ಬೇಸಿಗೆಯಲ್ಲಿ ಶಿಕಾಗೋದ ಜನಾಂಗೀಯ ಗಲಭೆಯಲ್ಲಿ 38 ಜನ ಸತ್ತಿದ್ದರು. ಕೆಲವೇ ತಿಂಗಳಲ್ಲಿ, ಅದೇ ಶಿಕಾಗೋದಲ್ಲಿ ಮಿಶೋ 'ವಿದಿನ್ ಅವರ್ ಗೇಟ್ಸ್' ಬಿಡುಗಡೆ ಮಾಡಿದರು. ಬಿಳಿಯರ ಗುಂಪು ಒಂದು ಕಪ್ಪು ಸಂಸಾರವನ್ನು ನೇಣು ಹಾಕುವುದನ್ನು ಅದರಲ್ಲಿ ತೋರಿಸಿದರು. ಸೆನ್ಸಾರ್‌ನವರು ಮತ್ತೆ ಗಲಭೆ ಆಗುತ್ತದೆ ಅಂತ ಹೆದರಿದರು. ಮಿಶೋ ರೀಲು ಹೊತ್ತು ಊರೂರು ಸುತ್ತಿದರು. ನಮ್ಮ ಟೂರಿಂಗ್ ಟಾಕೀಸ್ ಕಂಡವರಿಗೆ ಆ ಕಷ್ಟ ಗೊತ್ತು. ಈ ಸಿನಿಮಾ ಎಷ್ಟೋ ದಶಕ ಕಳೆದೇ ಹೋಗಿತ್ತು. ಆಮೇಲೆ ಸ್ಪೇನ್‌ನಲ್ಲಿ ಒಂದು ಪ್ರತಿ ಸಿಕ್ಕಿತು. ಹಳೆಯದಾದ್ದರಿಂದ ಹಕ್ಕಿನ ದುಡ್ಡು ಕೊಡಬೇಕಾಗಿಲ್ಲ, ಇದು ನಿಮಗೂ ಉಪಯೋಗಕ್ಕೆ ಬರುತ್ತದೆ.

ಚರ್ಚಿನ ನೆಲಮಾಳಿಗೆಯಲ್ಲಿ, ಬಿಳಿ ಗೋಡೆಯ ಮೇಲೆ ಹಾಕಿದೆವು. ಭಾನುವಾರ ಊಟ ಮುಗಿದ ಮೇಲೆ ನಾಲ್ಕು ಗಂಟೆಗೆ. ಮೂಕಿ ಚಿತ್ರ, ಹಾಗಾಗಿ ಚರ್ಚಿನ ಪಿಯಾನೋ ನುಡಿಸುವವರೇ ಜೊತೆಗೆ ನುಡಿಸಿದರು. ಬಿಳಿಯರನ್ನು ಓಲೈಸಲು ತನ್ನ ಜನರಿಗೇ ಸುಳ್ಳು ಬೋಧಿಸುವ ಪಾದ್ರಿ ಬಂದಾಗ ಜನ ಜೋರಾಗಿ ಬೈದರು, ನಕ್ಕರು. ಅವನು ಒಬ್ಬನೇ ನಿಂತು ಕೊರಗುವಾಗ ಸದ್ದಿಲ್ಲ. ಆಮೇಲೆ ಗೇಣಿದಾರ ಲೆಕ್ಕದ ಚೀಟಿ ಹಿಡಿದು ಜಮೀನ್ದಾರನ ಹತ್ತಿರ ಹೋಗುತ್ತಾನೆ. ಆ ಗೇಣಿದಾರನ ಸಂಸಾರವನ್ನು ಕೊಲ್ಲುವುದು ಅಲ್ಲಿಂದಲೇ ಶುರು. ಪಿಯಾನೋ ನಿಂತಿತು. ಮುಗಿದ ಮೇಲೆ ಒಬ್ಬ ಮುದುಕರು ಎದ್ದು ತಮ್ಮ ಅಜ್ಜನ ಲೆಕ್ಕದ ಪುಸ್ತಕದ ಕಥೆ ಹೇಳಿದರು. ಅವರು ಮಾತಾಡಿದ್ದು ಮೊಮ್ಮಕ್ಕಳ ಕಡೆ ತಿರುಗಿ. ನಾನು ಪ್ರೊಜೆಕ್ಟರ್ ಪಕ್ಕ ಇದ್ದೆ, ಅದೇ ನನ್ನ ಜಾಗ ಅನ್ನಿಸಿತು.

ನಮ್ಮ ಕನ್ನಡದವರಿಗೂ ವರ್ಣಭೇದ ಅರ್ಥ ಆಗಲಿ ಅಂತಲೂ ಬರೆದಿದ್ದೀರಿ. ಆಸೆ ಒಳ್ಳೆಯದೇ. ಆದರೆ ನಮಗೆ ಪಾಠ ಹೇಳುವುದು ಅವರ ಕೆಲಸವಲ್ಲ. ನಾನು ಈ ದೇಶಕ್ಕೆ ಬಂದ ಮೊದಲ ವಾರ ನಮ್ಮವರೇ ಒಬ್ಬರು "ಆ ಕಡೆ ಜಾಸ್ತಿ ಹೋಗಬೇಡ" ಅಂದಿದ್ದರು. ಆ ಕಡೆ ಅಂದರೆ ಈ ಚರ್ಚ್ ಇರುವ ಬೀದಿ. ಸ್ನೇಹಿತರನ್ನು ಕರೆತನ್ನಿ, ಕುರ್ಚಿ ಹಾಕಿಸಿ, ಪಾತ್ರೆ ತೊಳೆಸಿ, ಹಿಂದಿನ ಸಾಲಿನಲ್ಲಿ ಕೂರಿಸಿ. ಮುಗಿದ ಮೇಲೆ ಯಾರನ್ನೂ "ನಿಮಗೂ ಹೀಗೆ ಆಗಿತ್ತಾ" ಅಂತ ಮಾತ್ರ ಕೇಳಬೇಡಿ.

ಯಾವ ಸಿನಿಮಾ ಮೊದಲು ಅನ್ನುವುದು ಅಲ್ಲಿನ ಹಿರಿಯರಿಗೆ ಬಿಡಿ. ಪಟ್ಟಿ ಕೇಳಿದರೆ ಜೂಲಿ ಡ್ಯಾಶ್ ಅವರ 1991ರ 'ಡಾಟರ್ಸ್ ಆಫ್ ದಿ ಡಸ್ಟ್' ಸೇರಿಸಿ. ನಮ್ಮಲ್ಲಿ ಅದನ್ನು ಎರಡು ಸಲ ಹಾಕಿಸಿದರು.

ನೀವು ಮೇರಿಲ್ಯಾಂಡ್ ಕಡೆ ಇದ್ದರೆ ಮೆಸೇಜ್ ಮಾಡಿ. ಈಗಲೂ ಮೂರನೇ ಭಾನುವಾರ ನಾಲ್ಕಕ್ಕೆ ಶೋ ಇರುತ್ತದೆ. ಕುರ್ಚಿ ಹಾಕುವುದು ಎರಡೂವರೆಗೆ, ಆಗಲೇ ಬನ್ನಿ.